ಕಾಲು ಗಂಟೆಯಲ್ಲಿ ಸರಿಹೋದ ಕೈ: ಮಿದುಳಿಗೆ ರಕ್ತ ತಲುಪದಾಗ ಏನಾಗುತ್ತದೆ?

ನಮಸ್ಕಾರ. ಕಾಫಿ ಕೊಯ್ಲಿನ ಸಮಯದಲ್ಲಿ ಕೊಡಗಿನ ನಾಪೋಕ್ಲು ಕಡೆಯ ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆಯೇ ಈ ವಿಡಿಯೋಗೆ ಕಾರಣ. ಅವರ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ, ಐವತ್ತು ದಾಟಿದ ಮಹಿಳೆಯೊಬ್ಬರ ಬಲಗೈಯಿಂದ ಇದ್ದಕ್ಕಿದ್ದಂತೆ ಹಣ್ಣು ಜಾರಿ ಬೀಳತೊಡಗಿತು. ಎಡಗೈಯಲ್ಲಿ ಕೊಂಬೆ ಹಿಡಿದುಕೊಂಡೇ ಪಕ್ಕದ ಸಾಲಿನವರನ್ನು ಕರೆಯಲು ಹೋದರೆ ಮಾತು ತೊದಲಿತು. ಮೇಸ್ತ್ರಿ ಅವರನ್ನು ನೆರಳಿನಲ್ಲಿ ಕೂರಿಸಿ ಬೆಲ್ಲದ ಕಾಫಿ ಕುಡಿಸಿದರು. ಕಾಲು ಗಂಟೆಯೊಳಗೆ ಕೈ ಸರಿಹೋಯಿತು, ಮಾತೂ ಸರಿಹೋಯಿತು, ಸಂಜೆ ತಮ್ಮ ಚೀಲವನ್ನು ತೂಕಕ್ಕೆ ತಂದವರೂ ಅವರೇ. ವೀಕ್ಷಕರ ಪ್ರಶ್ನೆ ಇಷ್ಟು: "ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡೆವು. ತಾನಾಗಿಯೇ ಸರಿಹೋದ ಮೇಲೂ ಆಸ್ಪತ್ರೆಗೆ ಹೋಗಬೇಕೇ?"

ಹೋಗಲೇಬೇಕು, ಅದೂ ಅಂದೇ ಹೋಗಬೇಕು. ಈ ಉತ್ತರವನ್ನು ಅವರಿಗೆ ಆಗಲೇ ಬರೆದು ಕಳುಹಿಸಿದ್ದೇನೆ. ಏಕೆ ಹೋಗಬೇಕು ಎಂಬುದು ಮಾತ್ರ ಒಂದು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

(ತೆರೆಯ ಮೇಲೆ: ಕತ್ತಿನಿಂದ ಮಿದುಳಿಗೆ ಏರುವ ನಾಲ್ಕು ಧಮನಿಗಳ ಚಿತ್ರ)

ಮೂಲ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಮಿದುಳು ನಮ್ಮ ದೇಹದ ತೂಕದ ಶೇ. 2ರಷ್ಟು ಮಾತ್ರ, ಆದರೆ ದೇಹ ಬಳಸುವ ಆಮ್ಲಜನಕದ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ಕತ್ತಿನ ಮುಂಭಾಗದ ಎರಡು ಕೆರೋಟಿಡ್ ಧಮನಿಗಳು ಮತ್ತು ಬೆನ್ನೆಲುಬಿನ ಪಕ್ಕದಲ್ಲಿ ಏರಿ ಬರುವ ಎರಡು ವರ್ಟೆಬ್ರಲ್ ಧಮನಿಗಳು ಮಿದುಳಿಗೆ ರಕ್ತ ಒಯ್ಯುತ್ತವೆ. ಇವೆಲ್ಲ ಮಿದುಳಿನ ಬುಡದಲ್ಲಿ ಉಂಗುರದಂತೆ ಕೂಡಿಕೊಳ್ಳುತ್ತವೆ. ಆ ಉಂಗುರವನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಇಂದಿಗೂ ಅವರ ಹೆಸರೇ ಇದೆ. ಈ ದಾರಿಯಲ್ಲಿ ಎಲ್ಲಿಯಾದರೂ ರಕ್ತ ಹೆಪ್ಪುಗಟ್ಟಿ ಅಡ್ಡವಾದರೆ, ಅಥವಾ ರಕ್ತನಾಳವೇ ಒಡೆದರೆ, ಉಂಟಾಗುವುದು ಪಾರ್ಶ್ವವಾಯು. ನಾವೆಲ್ಲ ಲಕ್ವ ಅಥವಾ ಸ್ಟ್ರೋಕ್ ಎನ್ನುವುದು ಇದನ್ನೇ. ಒಡೆಯುವುದಕ್ಕಿಂತ ಅಡ್ಡವಾಗುವುದೇ ಹೆಚ್ಚು, ಹಾಗಾಗಿ ಈ ವಿಡಿಯೋದಲ್ಲಿ ಅದರ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ.

ಈ ವಿಷಯವನ್ನು ಓದುವಾಗ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ರಕ್ತ ನಿಂತ ತಕ್ಷಣ ಆ ಭಾಗದ ಮಿದುಳು ಸಾಯುತ್ತದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಆರೋಗ್ಯವಂತ ಮಿದುಳಿನ ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ. ಆಗ ಕೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಆದರೂ ಅವು ಸತ್ತಿರುವುದಿಲ್ಲ. ಹರಿವು ಸುಮಾರು 10ಕ್ಕಿಂತ ಕೆಳಗೆ ಇಳಿದಾಗ ಸಾವು ಬೇಗ ಆರಂಭವಾಗುತ್ತದೆ. 1970ರ ದಶಕದಲ್ಲಿ ಸಂಶೋಧಕರು ಬಬೂನ್ ಕೋತಿಗಳ ಮಿದುಳಿನಲ್ಲಿ ಇದನ್ನು ಅಳೆದು ತೋರಿಸಿದರು: ವಿದ್ಯುತ್ ಸಂಕೇತ ನಿಲ್ಲುವ ಮಟ್ಟವೇ ಬೇರೆ, ಜೀವಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಕೋಶ ಕುಸಿಯುವ ಮಟ್ಟವೇ ಬೇರೆ. ಇವೆರಡರ ನಡುವೆ ಸಿಕ್ಕಿಕೊಂಡ, ಮೂಕವಾಗಿದ್ದರೂ ಜೀವಂತವಾಗಿರುವ ಮಿದುಳಿನ ಭಾಗವನ್ನು ವೈದ್ಯರು ಪೆನಂಬ್ರಾ ಎನ್ನುತ್ತಾರೆ.

ಹೂಮಳೆ ತಡವಾದ ಮಾರ್ಚ್ ತಿಂಗಳಿನಲ್ಲಿ ರೊಬಸ್ಟಾ ಗಿಡ ಹೇಗಿರುತ್ತದೆ ಎಂಬುದನ್ನು ನೀವು ನೋಡಿದ್ದೀರಿ. ಎಲೆಗಳೆಲ್ಲ ಜೋತುಬಿದ್ದು, ಗಿಡ ಹೋಯಿತೆಂದೇ ದಾರಿಹೋಕರಿಗೆ ಕಾಣುತ್ತದೆ. ಆದರೆ ಅನುಭವವಿರುವ ಬೆಳೆಗಾರರು ಉಗುರಿನಿಂದ ಕೊಂಬೆಯ ತೊಗಟೆಯನ್ನು ಸ್ವಲ್ಪ ಕೆರೆದು ನೋಡುತ್ತಾರೆ. ಒಳಗೆ ಹಸಿರು ಕಂಡರೆ ಅಂದೇ ಸ್ಪ್ರಿಂಕ್ಲರ್ ಹೂಡುತ್ತಾರೆ. ನೀರು ಸಮಯಕ್ಕೆ ಸಿಕ್ಕರೆ ಗಿಡ ಚೇತರಿಸಿಕೊಳ್ಳುತ್ತದೆ, ತಡವಾದರೆ ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಸ್ಟ್ರೋಕ್ ಆದ ಮೊದಲ ಕೆಲವು ಗಂಟೆಗಳಲ್ಲಿ ರಕ್ತ ತಲುಪದ ಮಿದುಳಿನ ಭಾಗದಲ್ಲಿ ಬಹಳಷ್ಟು ಇದೇ ಸ್ಥಿತಿಯಲ್ಲಿರುತ್ತದೆ. ಆಸ್ಪತ್ರೆಯಲ್ಲಿ ಮಾಡುವ ಪರ್‌ಫ್ಯೂಷನ್ ಸ್ಕ್ಯಾನ್ ಕೂಡ ಒಂದರ್ಥದಲ್ಲಿ ತೊಗಟೆ ಕೆರೆದು ನೋಡುವ ಕೆಲಸವೇ. ಎಷ್ಟು ಭಾಗ ಸತ್ತಿದೆ, ಎಷ್ಟು ಭಾಗ ಇನ್ನೂ ಹಸಿಯಾಗಿದೆ ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ. ದೊಡ್ಡ ಧಮನಿಯೊಂದು ಪೂರ್ತಿಯಾಗಿ ಅಡ್ಡವಾಗಿ ಚಿಕಿತ್ಸೆ ಸಿಗದಿದ್ದರೆ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಅಂದಾಜಿಸಿದೆ. ಅಂದರೆ ಹಸಿರು ಉಳಿದಿರುವುದು ನಿಜ, ಆದರೆ ಅದು ನಿಮಿಷ ನಿಮಿಷಕ್ಕೂ ಕಡಿಮೆಯಾಗುತ್ತಿರುತ್ತದೆ.

ಈಗ ಆ ಮಹಿಳೆಯ ಕೈಗೆ ಬರೋಣ. ಹೆಪ್ಪು ಬಂದು ಸಿಕ್ಕಿಕೊಂಡಿತು, ಮಿದುಳಿನ ಆ ಭಾಗ ಮೂಕವಾಯಿತು, ಕೋಶಗಳು ಸಾಯುವ ಮೊದಲೇ ದೇಹ ತನ್ನದೇ ಶಕ್ತಿಯಿಂದ ಹೆಪ್ಪನ್ನು ಕರಗಿಸಿತು. ಇದನ್ನು ಟಿ.ಐ.ಎ. (ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್, ಅಂದರೆ ರಕ್ತ ಸ್ವಲ್ಪ ಹೊತ್ತು ತಲುಪದೆ ಆಗುವ ಆಘಾತ) ಎನ್ನುತ್ತಾರೆ, ಜನ ಮಿನಿ ಸ್ಟ್ರೋಕ್ ಎಂದೂ ಕರೆಯುತ್ತಾರೆ. ಹೆಪ್ಪು ಹೋಯಿತು, ಆದರೆ ಅದನ್ನು ಕಳುಹಿಸಿದ ಜಾಗ, ಅಂದರೆ ಕೊಬ್ಬು ಕಟ್ಟಿ ಒರಟಾದ ಕೆರೋಟಿಡ್ ಧಮನಿಯೋ ತಾಳ ತಪ್ಪಿ ಬಡಿಯುವ ಹೃದಯವೋ, ಹಾಗೆಯೇ ಉಳಿದಿದೆ. ಎರಡನೆಯ ಹೆಪ್ಪು ಅಲ್ಲಿಂದಲೇ ಹೊರಡುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತುರ್ತು ವಿಭಾಗಕ್ಕೆ ಟಿ.ಐ.ಎ. ಆಗಿ ಬಂದ 1,707 ಜನರನ್ನು ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90 ದಿನಗಳೊಳಗೆ 180 ಜನರಿಗೆ ಪೂರ್ಣ ಸ್ಟ್ರೋಕ್ ಆಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ಅದು ಆದದ್ದು ಮೊದಲ ಎರಡೇ ದಿನಗಳಲ್ಲಿ. "ಭಾನುವಾರ ಸಂತೆಗೆ ಹೋದಾಗ ಡಾಕ್ಟರಿಗೆ ತೋರಿಸಿದರಾಯಿತು" ಎಂದು ಮುಂದೂಡುವ ದಿನಗಳೂ ಅವೇ. ಇದೇ ವಿಷಯದ ಇನ್ನೊಂದು ಮುಖ ಬಹಳ ಭರವಸೆ ಕೊಡುವಂಥದ್ದು: ಟಿ.ಐ.ಎ. ಮತ್ತು ಸಣ್ಣ ಸ್ಟ್ರೋಕ್ ಆದವರಿಗೆ ತಡಮಾಡದೆ ಪರೀಕ್ಷೆ ನಡೆಸಿ ಅಂದೇ ಔಷಧ ಆರಂಭಿಸಿದಾಗ ಮುಂದಿನ ಸ್ಟ್ರೋಕ್‌ನ ಅಪಾಯ ಶೇ. 80ರಷ್ಟು ಕಡಿಮೆಯಾಯಿತು ಎಂದು ಆಕ್ಸ್‌ಫರ್ಡ್‌ನ 2007ರ ಅಧ್ಯಯನ ತೋರಿಸಿತು. ಔಷಧಗಳು ಹೊಸವೇನಲ್ಲ, ಬೇಗ ಕೊಟ್ಟದ್ದೇ ಅಷ್ಟು ವ್ಯತ್ಯಾಸ ಮಾಡಿತು.

(ತೆರೆಯ ಮೇಲೆ: ಮುಖ, ತೋಳು, ಮಾತು)

ಸಾಮಾನ್ಯವಾಗಿ ಈ ತೊಂದರೆಯಲ್ಲಿ ನೋವಿರುವುದಿಲ್ಲ. ಎದೆನೋವು ಬಂದರೆ ಮನೆಯವರೆಲ್ಲ ಓಡುತ್ತಾರೆ, ಕೈ ಸೋತರೆ ಮಲಗಿಸುತ್ತಾರೆ. ಆದ್ದರಿಂದ ನೋವಿಗಾಗಿ ಕಾಯದೆ ಮೂರು ಸಂಗತಿಗಳನ್ನು ನೋಡಬೇಕು. ಹಲ್ಲು ತೋರಿಸಿ ನಗಲು ಹೇಳಿದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ? ಕಣ್ಣು ಮುಚ್ಚಿ ಎರಡೂ ಕೈಗಳನ್ನು ಅಂಗೈ ಮೇಲಾಗಿ ಹತ್ತು ಸೆಕೆಂಡು ಮುಂದೆ ಚಾಚಿದಾಗ ಒಂದು ಕೈ ಕೆಳಕ್ಕೆ ಇಳಿಯುತ್ತದೆಯೇ? ಒಂದು ಸರಳ ವಾಕ್ಯ ಹೇಳಿಸಿದಾಗ ಮಾತು ತೊದಲುತ್ತದೆಯೇ? ಈ ಮೂರನೆಯದರ ಬಗ್ಗೆ ಕೊಡಗಿನವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. ನಮ್ಮ ಲೈನ್ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ತುಳು, ಮಲಯಾಳಂ, ತಮಿಳು ಆಡುವವರಿದ್ದಾರೆ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕನ್ನಡ ಸರಿಯಾಗಿ ಬಾರದವರನ್ನು ಕನ್ನಡದಲ್ಲಿ ಪರೀಕ್ಷಿಸಿದರೆ ತೊದಲುವಿಕೆ ಭಾಷೆಯದೋ ರೋಗದ್ದೋ ತಿಳಿಯುವುದಿಲ್ಲ. ಅವರ ಮನೆಮಾತು ಬಲ್ಲವರನ್ನು ಕರೆದು, ಆ ಭಾಷೆಯಲ್ಲಿಯೇ ಮಾತನಾಡಿಸಿ, ಎಂದಿನಂತೆ ಇದೆಯೇ ಎಂದು ಕೇಳಬೇಕು.

ಇವುಗಳ ಜೊತೆಗೆ ಇದ್ದಕ್ಕಿದ್ದಂತೆ ನಡಿಗೆ ತೂರಾಡುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ಒಂದು ಕಣ್ಣಿನ ನೋಟ ಕೆಲವು ನಿಮಿಷ ಪೂರ್ತಿ ಮಬ್ಬಾಗಿ ಮತ್ತೆ ತಿಳಿಯಾಗುವುದು ಕೂಡ ಎಚ್ಚರಿಕೆಗಳೇ. ಕಣ್ಣಿನ ಧಮನಿ ಕೆರೋಟಿಡ್‌ನಿಂದಲೇ ಕವಲೊಡೆಯುವುದರಿಂದ, ಕತ್ತಿನಲ್ಲಿರುವ ತೊಂದರೆ ಮೊದಲು ಕಣ್ಣಿನಲ್ಲಿ ಕಾಣಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿದರೂ ಇದೇ ಲಕ್ಷಣಗಳು ಬರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ವಾಹನ ಬರುವುದರೊಳಗೆ ನೋಡಿಕೊಳ್ಳಿ. ಎದ್ದು ನಿಂತಾಗ ಮಾತ್ರ ತಲೆಸುತ್ತಿ ಕಣ್ಣು ಕತ್ತಲೆ ಬರುವುದು ಸಾಮಾನ್ಯವಾಗಿ ರಕ್ತದೊತ್ತಡ ತಟ್ಟನೆ ಇಳಿಯುವುದರಿಂದ. ಅದನ್ನೂ ವೈದ್ಯರಿಗೆ ಹೇಳಬೇಕು, ಆದರೆ ಅದು ಬೇರೆ ಸಮಸ್ಯೆ.

(ತೆರೆಯ ಮೇಲೆ: ನಾಲ್ಕೂವರೆ ಗಂಟೆಯ ಗಡಿಯಾರ)

ಹೆಪ್ಪು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂದು 1995ರಲ್ಲಿ ಸಾಬೀತಾಯಿತು. 2008ರಲ್ಲಿ ಆ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದಯವಿಟ್ಟು ಈ ನಾಲ್ಕೂವರೆ ಗಂಟೆಯನ್ನು ಕೊಡಗಿನ ನಕ್ಷೆಯ ಮೇಲಿಟ್ಟು ನೋಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಒಳಗಿನ ಊರಿನ ತೋಟದಿಂದ ಮುಖ್ಯರಸ್ತೆಗೆ ಬರುವುದೂ ಸೇರಿದರೆ ಮೂರು ಗಂಟೆ ಎಂದುಕೊಳ್ಳೋಣ. ಆಸ್ಪತ್ರೆ ಸೇರಿದ ಮೇಲೆ ಪರೀಕ್ಷೆ ಮತ್ತು ಸಿ.ಟಿ. ಸ್ಕ್ಯಾನ್ ಮುಗಿಸಿ ಔಷಧ ಆರಂಭಿಸಲು ಒಂದು ಗಂಟೆ. ಮನೆಯಲ್ಲಿ ಯೋಚಿಸಲು ಉಳಿಯುವುದು ಅರ್ಧ ಗಂಟೆ. "ಸ್ವಲ್ಪ ಮಲಗಲಿ, ನೋಡೋಣ" ಎನ್ನುವುದರಲ್ಲಿ ಅದು ಕಳೆದುಹೋಗುತ್ತದೆ. ಹಾಗಾಗಿ ಮೈಸೂರಿಗೋ ಮಂಗಳೂರಿಗೋ ಹೊರಡುವ ಮೊದಲು, ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಸೇರಿದಂತೆ ನಿಮಗೆ ಹತ್ತಿರವಿರುವ ಕಡೆ, ರಾತ್ರಿಯೂ ಸ್ಕ್ಯಾನ್ ಆಗುತ್ತದೆಯೇ, ಹೆಪ್ಪು ಕರಗಿಸುವ ಔಷಧ ಕೊಡುತ್ತಾರೆಯೇ ಎಂದು ಎಲ್ಲರೂ ಆರೋಗ್ಯವಾಗಿರುವ ಒಂದು ದಿನ ಫೋನ್ ಮಾಡಿ ತಿಳಿದು ಬರೆದಿಟ್ಟುಕೊಳ್ಳುವುದು ಅತ್ಯಂತ ಅಗತ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತು. ಮಳೆಗಾಲಕ್ಕೆ ಎರಡನೆಯ ದಾರಿಯೂ ಆ ಚೀಟಿಯಲ್ಲಿ ಇರಲಿ. 108ಕ್ಕೆ ಕರೆ ಮಾಡಿದಾಗ "ಸ್ಟ್ರೋಕ್ ಇರಬಹುದು" ಎಂದು ಸ್ಪಷ್ಟವಾಗಿ ಹೇಳಬೇಕು. ನೆಟ್‌ವರ್ಕ್ ಇಲ್ಲದ ಜಾಗವಾದರೆ ನೆರೆಮನೆಯ ಜೀಪನ್ನು ಕರೆಯಲು ಸಂಕೋಚಪಡಬಾರದು.

ಸಮಯದ ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂಬುದೂ ಮುಖ್ಯ. ಬೆಳಿಗ್ಗೆ ಆರಕ್ಕೆ ಏಳುವಾಗಲೇ ಕೈ ಬಿದ್ದಿದ್ದರೆ, ಲೆಕ್ಕ ಆರು ಗಂಟೆಯಿಂದಲ್ಲ. ಅವರನ್ನು ಕೊನೆಯದಾಗಿ ಚೆನ್ನಾಗಿ ಇದ್ದಂತೆ ನೋಡಿದ ಹೊತ್ತಿನಿಂದ. ಆ ಸಮಯವನ್ನು ಬರೆದುಕೊಳ್ಳಿ. ತಡವಾಯಿತೆಂದು ಮಾತ್ರ ಮನೆಯಲ್ಲಿ ಉಳಿಯಬೇಡಿ. ದೊಡ್ಡ ಧಮನಿಯ ಹೆಪ್ಪನ್ನು ತೊಡೆಯ ಸಂದಿಯಿಂದ ನಳಿಕೆ ಕಳುಹಿಸಿ ಹೊರತೆಗೆಯುವ ಚಿಕಿತ್ಸೆಯಿಂದ, ಸ್ಕ್ಯಾನ್‌ನಲ್ಲಿ ಜೀವಂತ ಭಾಗ ಕಂಡ ಕೆಲವರಿಗೆ, 24 ಗಂಟೆಯವರೆಗೂ ಪ್ರಯೋಜನವಾಗುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ.

ಆ ನಡುವೆ ಮಾಡಬಾರದ ಕೆಲಸಗಳಿವೆ. ಕಾಫಿ, ನೀರು, ಬ್ರಾಂದಿ ಏನನ್ನೂ ಕುಡಿಸಬಾರದು. ನುಂಗುವ ಶಕ್ತಿ ಕುಂದಿರುವಾಗ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮನೆಯಲ್ಲಿರುವ ಆಸ್ಪಿರಿನ್ ಕೊಡಬಾರದು, ಏಕೆಂದರೆ ರಕ್ತನಾಳ ಒಡೆದಿದ್ದರೆ ಅದು ರಕ್ತಸ್ರಾವವನ್ನು ಹೆಚ್ಚಿಸಬಹುದು, ಮತ್ತು ಒಡೆದಿದೆಯೋ ಅಡ್ಡವಾಗಿದೆಯೋ ಎಂಬುದು ಸ್ಕ್ಯಾನ್ ಇಲ್ಲದೆ ತಿಳಿಯದು. ಬಿ.ಪಿ. ಹೆಚ್ಚಿದೆಯೆಂದು ಹೆಚ್ಚುವರಿ ಮಾತ್ರೆ ನುಂಗಿಸುವುದೂ ಬೇಡ. ಹಸಿದ ಭಾಗಕ್ಕೆ ಅಕ್ಕಪಕ್ಕದ ನಾಳಗಳಿಂದ ಸಿಗುತ್ತಿರುವ ರಕ್ತವೂ ಅದರಿಂದ ಕಡಿಮೆಯಾಗಬಹುದು. ಎಣ್ಣೆ ತಿಕ್ಕುವುದು, ನಾಟಿ ಔಷಧಕ್ಕೆ ಇನ್ನೊಂದು ಊರಿಗೆ ಕರೆದೊಯ್ಯುವುದು ಬಹಳ ಪ್ರೀತಿಯಿಂದಲೇ ನಡೆಯುತ್ತದೆ ಎಂಬುದನ್ನು ಬಲ್ಲೆ. ಆದರೆ ಆ ಅರ್ಧ ಗಂಟೆಯನ್ನು ಅದಕ್ಕೆ ಕೊಡಬೇಡಿ. ವಾಂತಿ ಬರುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ.

ತಡೆಯುವ ವಿಷಯದಲ್ಲಿ ನನ್ನ ಹೆಚ್ಚಿನ ಒತ್ತು ರಕ್ತದೊತ್ತಡದ ಮೇಲೆ. ಸುಮಾರು ಆರು ಲಕ್ಷ ಜನರನ್ನು ಒಳಗೊಂಡ 123 ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಸ್ಟ್ರೋಕ್‌ನ ಅಪಾಯ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಆದರೂ "ಈಗ ಬಿ.ಪಿ. ನಾರ್ಮಲ್ ಇದೆ" ಎಂದು ಮಾತ್ರೆ ಬಿಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅದು ನಾರ್ಮಲ್ ಇರುವುದು ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ. ಮಳೆಗಾಲದಲ್ಲಿ ಪೇಟೆಗೆ ಹೋಗಲಾಗದೆ ಮಾತ್ರೆ ಮುಗಿದುಹೋಗುವುದು ಇನ್ನೊಂದು ತೊಂದರೆ. ಜೂನ್‌ಗೆ ಮೊದಲೇ ವೈದ್ಯರನ್ನು ಕಂಡು ಹೆಚ್ಚಿನ ದಿನಗಳಿಗೆ ಬರೆಸಿಕೊಳ್ಳುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅದೇ ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಕಣಿಲೆ ಸೇರಿದರೆ ಆ ಮಿತಿ ಒಂದೇ ಊಟದಲ್ಲಿ ದಾಟಬಹುದು. ಬಿಡಬೇಕೆಂದಿಲ್ಲ, ಚೆನ್ನಾಗಿ ನೆನೆಸಿ ತೊಳೆದು ಕಡಿಮೆ ತಿನ್ನಬೇಕು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಬೀಡಿ ಸಿಗರೇಟು ಬಿಡುವುದು, ಎಲೆ ಅಡಿಕೆಯ ಜೊತೆಯ ಹೊಗೆಸೊಪ್ಪನ್ನೂ ಬಿಡುವುದು, ಮದ್ಯವನ್ನು ಕಡಿಮೆ ಮಾಡುವುದು, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳುವುದು, ದಿನವೂ ನಡೆಯುವುದು, ಇವೆಲ್ಲವೂ ಬೇಕು. ನಾಡಿಯನ್ನು ಒಂದು ನಿಮಿಷ ಹಿಡಿದು ನೋಡಿದಾಗ ಬಡಿತ ಕ್ರಮ ತಪ್ಪಿದ್ದರೆ ಇ.ಸಿ.ಜಿ. ಮಾಡಿಸಬೇಕು, ಏಕೆಂದರೆ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಆ ತೊಂದರೆ ಸ್ಟ್ರೋಕ್‌ನ ಅಪಾಯವನ್ನು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಅದಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದರ ಹೆಸರು, ಪ್ರಮಾಣ ಮತ್ತು ಕೊನೆಯ ರಕ್ತಪರೀಕ್ಷೆಯ ಫಲಿತಾಂಶ ಬರೆದ ಚೀಟಿಯನ್ನು ಪರ್ಸಿನಲ್ಲಿಯೇ ಇಟ್ಟುಕೊಳ್ಳಬೇಕು ಮತ್ತು ಜೊತೆಯಲ್ಲಿ ಹೋಗುವವರು ಅದನ್ನು ಆಸ್ಪತ್ರೆಯ ಬಾಗಿಲಲ್ಲಿಯೇ ಕೊಡಬೇಕು. ಹೆಪ್ಪು ಕರಗಿಸುವ ಔಷಧ ಕೊಡಬಹುದೇ ಎಂದು ತೀರ್ಮಾನಿಸುವ ಮೊದಲು ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.