ಸೀಮೆಸುಣ್ಣವನ್ನು ಮೇಲಕ್ಕೆ ಒಯ್ಯುವುದು ಯಾವ ಬಲ?

ಕೇಳುಗರೆಲ್ಲರಿಗೂ ನಮಸ್ಕಾರ.

ಬಲದ ಬಗ್ಗೆ ಇವತ್ತು ಒಂದೇ ಮಾತು. ವಸ್ತು ಚಲಿಸುತ್ತಲೇ ಇರಲು ಬಲ ಬೇಕಿಲ್ಲ, ಚಲನೆ ಬದಲಾಗಲು ಬಲ ಬೇಕು. ಇಷ್ಟೇ. ಇದನ್ನು ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿ ಬರೆಯುತ್ತಾರೆ, ನಂಬುವವರು ಮಾತ್ರ ಕಡಿಮೆ.

ನಾನು ಪಾಠ ಮಾಡುತ್ತಿದ್ದಾಗ ವರ್ಷದ ಮೊದಲ ದಿನ ಸೀಮೆಸುಣ್ಣದ ತುಂಡೊಂದನ್ನು ನೇರವಾಗಿ ಮೇಲಕ್ಕೆ ಎಸೆಯುತ್ತಿದ್ದೆ. ಕೈ ಬಿಟ್ಟು ಮೇಲೆ ಹೋಗುತ್ತಿದೆಯಲ್ಲ, ಆಗ ಅದರ ಮೇಲೆ ಯಾವ ಬಲ ಇದೆ? ಇಡೀ ತರಗತಿ ಒಟ್ಟಿಗೇ ಕೂಗುತ್ತಿತ್ತು: "ನೀವು ಎಸೆದ ಬಲ ಸಾರ್!" ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಿಮ್ಮ ಕೈ ಇಲ್ಲೇ ಇದೆ. ಬಲ ಮಾತ್ರ ಹೇಗೆ ಮೇಲೆ ಹೋಯ್ತು?" ಎಲ್ಲರೂ ನಕ್ಕರು. ಪಕ್ಕದವನು ಕೆಣಕಿದ, "ಹಾಗಾದ್ರೆ ಯಾಕೆ ಮೇಲೆ ಹೋಗ್ತಿದೆ, ಹೇಳು?" ಅವಳು ಸ್ವಲ್ಪ ಯೋಚಿಸಿ, "ಆಗಲೇ ಹೋಗ್ತಾ ಇತ್ತಲ್ಲ, ಅದಕ್ಕೇ ಹೋಗ್ತಾ ಇದೆ" ಅಂದಳು. ನನಗೆ ಕುಣಿಯುವಷ್ಟು ಖುಷಿ! ಮತ್ತೆ ಮತ್ತೆ ಎಸೆದೆ. ನಾಲ್ಕನೇ ಸಲಕ್ಕೆ ಕೈ ತಪ್ಪಿ, ಬಿದ್ದ ಸೀಮೆಸುಣ್ಣ ಮೂರು ಚೂರಾಯಿತು.

ಗಾಳಿಯ ಮಾತು ಬಿಡಿ. ಆ ತುಂಡಿನ ಮೇಲಿದ್ದದ್ದು ಒಂದೇ ಬಲ, ಭೂಮಿಯ ಸೆಳೆತ. ಹತ್ತುವಾಗಲೂ ಅದೇ, ಇಳಿಯುವಾಗಲೂ ಅದೇ. ತುತ್ತತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆಯಾಗುತ್ತದಲ್ವಾ, ಆಗಲೂ ಅದೇ. ಅದು ಮಾಡುವುದು ಒಂದೇ ಕೆಲಸ: ಮೇಲಕ್ಕೆ ಹೋಗುವ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಕಡಿಮೆ ಮಾಡುತ್ತದೆ, ಆಮೇಲೆ ಅಷ್ಟೇ ಲೆಕ್ಕದಲ್ಲಿ ಕೆಳಮುಖವಾಗಿ ಹೆಚ್ಚಿಸುತ್ತದೆ. ನೋಡಿ, ಬದಲಾವಣೆ! ಬಲ ಬೇಕಾದದ್ದು ಅದಕ್ಕೇ.

"ಪೆಡಲ್ ನಿಲ್ಲಿಸಿದರೆ ಸೈಕಲ್ ನಿಲ್ಲುತ್ತಲ್ಲಾ?" ಅಂತ ಕೇಳುತ್ತೀರಿ, ನನಗೆ ಗೊತ್ತು. ಅದು ಸುಮ್ನೆ ನಿಲ್ಲುವುದಿಲ್ಲ, ಘರ್ಷಣೆ ಮತ್ತು ಗಾಳಿ ಸೇರಿ ಅದನ್ನು ನಿಲ್ಲಿಸುತ್ತವೆ. ಅವೂ ಬಲಗಳೇ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಗೆಲಿಲಿಯೊ ಇದರ ಸುಳಿವು ಹಿಡಿದ. 1687ರಲ್ಲಿ ನ್ಯೂಟನ್ ಅದನ್ನೇ ತನ್ನ ಮೊದಲ ನಿಯಮವಾಗಿ ಅಚ್ಚು ಹಾಕಿಸಿದ. ಇನ್ನೂ ಅನುಮಾನವೇ? 1977ರಲ್ಲಿ ಹಾರಿಸಿದ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಹಿಂದಿನಿಂದ ತಳ್ಳುವವರು ಯಾರೂ ಇಲ್ಲ.

ಬಲದ ಅಳತೆಗೂ ನ್ಯೂಟನ್ ಅಂತಲೇ ಹೆಸರು. ಒಂದು ಕಿಲೋ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಷ್ಟು ಬದಲಾಗುತ್ತಿದ್ದರೆ ಅದರ ಮೇಲಿರುವ ಬಲ ಒಂದು ನ್ಯೂಟನ್. ಇಲ್ಲೂ ಬದಲಾವಣೆಯದೇ ಮಾತು!

ಕ್ರಿಯೆ, ಪ್ರತಿಕ್ರಿಯೆಯ ವಿಷಯವನ್ನೂ ಹೇಳಬೇಕು ಅಂದುಕೊಂಡು ಬಂದಿದ್ದೆ. ಕೊಟ್ಟ ಸಮಯವನ್ನೆಲ್ಲ ಆ ಸೀಮೆಸುಣ್ಣವೇ ತಿಂದುಬಿಟ್ಟಿತು. ನಮಸ್ಕಾರ.