ಐದನೇ ಉಪಾಯವನ್ನು ಮೊದಲೇ ಮಾಡಬೇಡಿ: ಬೇಡದ ಯೋಚನೆ ಮತ್ತು ಬುದ್ಧ

[ದೃಶ್ಯ: ಕಾರವಾರದ ಕೋಡಿಬಾಗ, ಕಾಳಿ ನದಿ ಸೇತುವೆ, ಸಂಜೆ]

ನಮಸ್ಕಾರ. ಹಿಂದೆ ಕಾಣ್ತಿರುವುದು ಕಾಳಿ ನದಿ, ಆಚೆ ದಡದಲ್ಲಿ ಸದಾಶಿವಗಡ. ಇಲ್ಲಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು, ನಿಮಗೂ ನೆನಪಿರಬಹುದು. ಅದಾದ ಮೇಲೆ ಹೊಸ ಸೇತುವೆ ದಾಟುವಾಗಲೂ ಎದೆ ಸ್ವಲ್ಪ ಢವಢವ ಅನ್ನುತ್ತದೆ. ಆ ಭಯಕ್ಕೆ ಒಂದು ಕಾರಣ ಇದೆ.

ಆದರೆ ಇಲ್ಲಿ ನಿಂತಾಗಲೆಲ್ಲ ನನಗೆ ಇನ್ನೊಂದು ಯೋಚನೆ ಬರುತ್ತದೆ, ಅದಕ್ಕೆ ಕಾರಣವೇ ಇಲ್ಲ: ಕೈಯಲ್ಲಿರುವ ಮೊಬೈಲನ್ನು ನೀರಿಗೆ ಎಸೆದುಬಿಟ್ಟರೆ? ಎಸೆಯುವ ಆಸೆ ಇಲ್ಲ ಮಾರಾಯರೇ, ಕಂತು ಇನ್ನೂ ಮುಗಿದಿಲ್ಲ. ಆದರೂ ಬರುತ್ತದೆ.

ಮೊಬೈಲ್ ಆದರೆ ನಗಬಹುದು. ಶಿರಸಿ ಮಾರಿಕಾಂಬೆಯ ಎದುರು ಕೈ ಮುಗಿದು ನಿಂತಾಗ ದೇವರ ಬಗ್ಗೆಯೇ ಹೊಲಸು ಮಾತು ತಲೆಯೊಳಗೆ ಬಂದರೆ? ಹಾಗೆ ಆಗಿ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಯಾರಿಗೂ ಹೇಳಿಕೊಳ್ಳುವುದಿಲ್ಲ, ಹೇಳಿದರೆ ಏನಂದುಕೊಂಡಾರು ಅಂತ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಅತ್ತಿಗೆ ಇದ್ದಾರೆ. ಅವರನ್ನು ಕೇಳಿಯೇ ಇದನ್ನು ಹೇಳ್ತಿದ್ದೇನೆ. ಅಡಿಕೆ ಸುಲಿಯುವ ಕಾಲ. ರಾತ್ರಿ ಊಟ ಮುಗಿಸಿ ಎಲ್ಲರೂ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಪಕ್ಕದ ತೊಟ್ಟಿಲಲ್ಲಿ ಆರು ತಿಂಗಳ ಮಗು. ಅತ್ತಿಗೆಯ ಕಣ್ಣು ಕತ್ತಿಯಿಂದ ತೊಟ್ಟಿಲಿಗೆ ಹೋಯಿತು, ಅಷ್ಟೇ. ಆ ಒಂದು ಕ್ಷಣದಲ್ಲಿ ತಲೆಯಲ್ಲಿ ಏನು ಬಂದಿರಬಹುದು ಅಂತ ನೀವೇ ಊಹಿಸಿಕೊಳ್ಳಿ. ಸುಲಿಯುತ್ತಿದ್ದ ಅಡಿಕೆ ಅಲ್ಲೇ ಬಿಟ್ಟು ಎದ್ದರು, ಸೊಂಟ ನೋವು ಅಂದರು. ಮಾರನೇ ದಿನವೂ ಸೊಂಟ ನೋವು. ಮುಂದೆ ಅಡುಗೆಮನೆಯ ಈಳಿಗೆಮಣೆಯನ್ನೂ ಅಟ್ಟಕ್ಕೆ ಹಾಕಿಸಿದರು. ಎರಡು ವರ್ಷ ಆದ ಮೇಲೆ ಒಂದು ದಿನ ನನ್ನ ಹತ್ತಿರ ಕೇಳಿದ್ದು ಇಷ್ಟು: "ತಮ್ಮಾ, ನಾನು ರಾಕ್ಷಸಿಯಾ?"

ಅಲ್ಲ. ಇಂಥ ಯೋಚನೆ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. 1978ರಲ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವಾ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಕೇಳಿ ನೋಡಿದರು. ಹೆಚ್ಚಿನವರು ಹೌದು, ನಮಗೂ ಬರುತ್ತದೆ ಅಂದರು. ಗೀಳು ಕಾಯಿಲೆ ಇರುವವರ ಯೋಚನೆಗೂ ಇಲ್ಲದವರ ಯೋಚನೆಗೂ ವಿಷಯದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಒಬ್ಬರಿಗೆ ಅದು ಬಂದು ಹೋಗುತ್ತದೆ, ಇನ್ನೊಬ್ಬರಿಗೆ ಬಂದು ಅಂಟಿಕೊಳ್ಳುತ್ತದೆ.

ಈ ಡಿ ಸಿಲ್ವಾ ಶ್ರೀಲಂಕಾದವರು. ಹಳೇ ಬೌದ್ಧ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಹೇಳಿದ ಉಪಾಯಗಳು ಇವತ್ತಿನ ಮನೋಚಿಕಿತ್ಸೆಗೆ ಎಷ್ಟು ಹತ್ತಿರ ಇವೆ ಅಂತ ಮುಂದೆ ಬರೆದವರೂ ಅವರೇ. ಅವರು ತೆಗೆದುಕೊಂಡದ್ದರಲ್ಲಿ ಒಂದು ಮಜ್ಝಿಮ ನಿಕಾಯ ಅನ್ನುವ ಸಂಗ್ರಹದ 20ನೇ ಸುತ್ತ, ವಿತಕ್ಕಸಂಠಾನ. ಧ್ಯಾನಕ್ಕೆ ಕೂತ ಭಿಕ್ಷುವಿಗೆ ಆಸೆ, ದ್ವೇಷ, ಮೋಹದ ಯೋಚನೆ ಬಂದರೆ ಏನು ಮಾಡಬೇಕು ಅಂತ ಬುದ್ಧ ಅದರಲ್ಲಿ ಐದು ಉಪಾಯ ಹೇಳುತ್ತಾನೆ.

ಮೊದಲನೆಯದು, ಬೇರೆ ಒಳ್ಳೆಯದರ ಕಡೆ ಮನಸ್ಸು ತಿರುಗಿಸುವುದು. ಬಡಗಿ ಸಣ್ಣ ಬೆಣೆ ಹೊಡೆದು ದೊಡ್ಡ ಬೆಣೆ ಹೊರಗೆ ಹಾಕುತ್ತಾನಲ್ಲ, ಹಾಗೆ. ಹೋಗಲಿಲ್ಲವಾ? ಆ ಯೋಚನೆಯಿಂದ ಆಗುವ ಕೇಡನ್ನು ನೋಡು. ಅಲಂಕಾರ ಮಾಡಿಕೊಂಡು ಹೊರಟವರ ಕೊರಳಿಗೆ ಸತ್ತ ಹಾವು ಹಾಕಿದರೆ ಹೇಗೆ ಹೇಸುತ್ತಾರೋ ಹಾಗೆ. ಅದೂ ಆಗಲಿಲ್ಲ ಅಂದರೆ ಸುಮ್ನೆ ಆ ಕಡೆ ನೋಡಬೇಡ. ನಾಲ್ಕನೆಯದು ನನಗೆ ತುಂಬಾ ಇಷ್ಟ: ಒಬ್ಬ ಗಡಿಬಿಡಿಯಲ್ಲಿ ನಡೀತಿದ್ದಾನೆ, ಅರೆ ನಾನ್ಯಾಕೆ ಓಡ್ತಿದ್ದೇನೆ ಅಂತ ನಿಧಾನ ಮಾಡುತ್ತಾನೆ, ಯಾಕೆ ನಡೀಬೇಕು ಅಂತ ನಿಲ್ಲುತ್ತಾನೆ, ಆಮೇಲೆ ಕೂರುತ್ತಾನೆ, ಕೊನೆಗೆ ಮಲಗಿಯೇ ಬಿಡುತ್ತಾನೆ. ಯೋಚನೆಯ ಓಟವನ್ನೂ ಹಾಗೆ ಇಳಿಸುತ್ತಾ ಬರಬೇಕು.

ಇದ್ಯಾವುದೂ ಆಗದಿದ್ದರೆ ಮಾತ್ರ ಐದನೆಯದು. ಹಲ್ಲು ಕಚ್ಚಿ, ನಾಲಿಗೆಯನ್ನು ಮೇಲಕ್ಕೆ ಒತ್ತಿ, ಬಲವಾದ ಆಳು ಬಡಕಲನನ್ನು ಹಿಡಿದು ಒತ್ತಿದ ಹಾಗೆ ಮನಸ್ಸನ್ನು ಮನಸ್ಸಿನಿಂದಲೇ ಒತ್ತುವುದು.

ಈ ಕ್ರಮ ನೋಡಿ. ಬಲಪ್ರಯೋಗ ಇರುವುದು ಕಟ್ಟಕಡೆಗೆ. ನಾವು ಮಾಡುವುದು ಉಲ್ಟಾ, ಯೋಚನೆ ಬಂದ ತಕ್ಷಣ ಹಲ್ಲು ಕಚ್ಚುತ್ತೇವೆ. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂತ ವೈದ್ಯ ಹೇಳಿದ ಕಥೆ ಗೊತ್ತಲ್ವಾ? ಅವತ್ತಿನಿಂದ ಅವನಿಗೆ ಲೋಟದ ತುಂಬಾ ಮಂಗ.

[ದೃಶ್ಯ: ಮಳೆ, ಗದ್ದೆ ಅಂಚು, ದನ]

ಇನ್ನು ಅದರ ಹಿಂದಿನ ಸುತ್ತ, 19ನೆಯದು, ದ್ವೇಧಾವಿತಕ್ಕ. ಇದರಲ್ಲಿ ಒಬ್ಬ ದನಗಾಹಿ ಬರುತ್ತಾನೆ. ಮಳೆಗಾಲದ ಕೊನೆ, ಪೈರು ದಟ್ಟವಾಗಿದೆ, ಅವನು ಕೋಲು ಹಿಡಿದು ಆ ಕಡೆ ಈ ಕಡೆ ತಿವಿದು ದನ ತಡೆಯುತ್ತಾನೆ, ಇಲ್ಲದಿದ್ದರೆ ದಂಡ ಬೀಳುತ್ತದೆ. ನಮ್ಮ ಕಡೆ ಕಂಬಳಿಕೊಪ್ಪೆ ಹಾಕಿಕೊಂಡು ದನ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಣದಲ್ಲಿ ಎಷ್ಟು ಹುಲ್ಲಿದ್ದರೂ ದನಕ್ಕೆ ಪಕ್ಕದ ಮನೆಯವರ ಗದ್ದೆಯೇ ರುಚಿ. ಆದರೆ ಬೇಸಿಗೆ ಬಂದು ಬೆಳೆಯೆಲ್ಲ ಊರೊಳಗೆ ಸೇರಿದ ಮೇಲೆ ಅದೇ ದನಗಾಹಿ ಮರದ ಬುಡದಲ್ಲಿ ಕೂರುತ್ತಾನೆ. ದನ ಅಲ್ಲಿವೆ ಅಂತ ಗೊತ್ತಿದ್ದರೆ ಸಾಕು. ಬುದ್ಧ ಕೋಲಿನ ಮಾತು ಹೇಳಿದ್ದು ಕೆಟ್ಟ ಯೋಚನೆಗೆ, ಮರದ ಬುಡದ ಮಾತು ಒಳ್ಳೆಯ ಯೋಚನೆಗೆ. ಆದರೂ ಅತ್ತಿಗೆಯಂಥವರಿಗೆ ನಾನು ಹೇಳುವುದು ಮರದ ಬುಡವನ್ನೇ. ಯಾಕೆಂದರೆ ಅವರು ಕಾಯುತ್ತಿರುವ ಗದ್ದೆಯಲ್ಲಿ ಪೈರೇ ಇಲ್ಲ, ಯಾರಿಗೂ ಏನೂ ನಷ್ಟ ಆಗುವುದಿಲ್ಲ, ಆದರೂ ಕೋಲು ಹಿಡಿದು ಹಗಲೂ ರಾತ್ರಿ ಓಡುತ್ತಿದ್ದಾರೆ.

ಇದೇ ಸುತ್ತದಲ್ಲಿ ಇನ್ನೊಂದು ಮಾತಿದೆ, ಕೇಳಿದರೆ ಇಂಥವರಿಗೆ ಗಾಬರಿ ಆಗುತ್ತದೆ: ಯಾವುದನ್ನು ಮತ್ತೆ ಮತ್ತೆ ಯೋಚಿಸುತ್ತೇವೋ ಮನಸ್ಸು ಆ ಕಡೆಗೇ ವಾಲುತ್ತದೆ. ಅಯ್ಯೋ, ಹಾಗಾದ್ರೆ ನಾನು ಆ ಕಡೆ ವಾಲಿಬಿಟ್ಟೆನಾ? ಇಲ್ಲ. ಮತ್ತೆ ಮತ್ತೆ ಅನ್ನುವುದನ್ನು ಗಮನಿಸಿ. ಯೋಚನೆ ಬಂದದ್ದು ಒಂದು ಸೆಕೆಂಡ್. ಯಾಕೆ ಬಂತು, ನಾನು ಎಂಥವಳು ಅಂತ ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ಇಡೀ ದಿನ ವಿಚಾರಣೆ ಮಾಡುತ್ತೇವಲ್ಲ, ಮನಸ್ಸು ವಾಲುವುದು ಆ ವಿಚಾರಣೆಯ ಕಡೆಗೆ. ಸಲ್ಲತ್ಥ ಸುತ್ತದ ಎರಡು ಬಾಣದ ಹೋಲಿಕೆಯೂ ಇದೇ, ಮೊದಲನೇ ಬಾಣ ತಾಗಿದವನು ಅತ್ತು ಗೋಳಾಡಿ ಎರಡನೆಯದನ್ನೂ ಹೊಡೆಸಿಕೊಳ್ಳುತ್ತಾನೆ.

ಪಾಪ ಬರುತ್ತದಾ? ಚೇತನೆಯನ್ನೇ ನಾನು ಕರ್ಮ ಅನ್ನುತ್ತೇನೆ ಅಂತ ಬುದ್ಧ ಹೇಳಿದ್ದು ಅಂಗುತ್ತರ ನಿಕಾಯ ಅನ್ನುವ ಇನ್ನೊಂದು ಸಂಗ್ರಹದಲ್ಲಿದೆ. ಚೇತನೆ ಅಂದರೆ ಇಲ್ಲಿ ಸಂಕಲ್ಪ, ಮಾಡಬೇಕು ಅನ್ನುವ ಇಚ್ಛೆ. ಅತ್ತಿಗೆಗೆ ಇದ್ದ ಇಚ್ಛೆ ಒಂದೇ, ಮಗುವಿಗೆ ಏನೂ ಆಗಬಾರದು. ಈಳಿಗೆಮಣೆ ಅಟ್ಟಕ್ಕೆ ಹೋದದ್ದೂ ಅದಕ್ಕೇ.

ನಮ್ಮ ಜಿಲ್ಲೆಗೆ ಈ ಮಾತೆಲ್ಲ ಹೊಸದೇನಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಅನ್ನುವ ಥೇರ, ಅಂದರೆ ಹಿರಿಯ ಭಿಕ್ಷು, ವನವಾಸ ಅನ್ನುವ ಪ್ರದೇಶಕ್ಕೆ ಧರ್ಮ ಹೇಳಲು ಬಂದ ಅಂತ ಶ್ರೀಲಂಕಾದ ಹಳೇ ಚರಿತ್ರೆ ಮಹಾವಂಸದಲ್ಲಿದೆ, ಅದು ನಮ್ಮ ಬನವಾಸಿ ಅಂತಲೇ ಸಾಮಾನ್ಯವಾಗಿ ಹೇಳುತ್ತಾರೆ. ಮುಂಡಗೋಡಿನ ಟಿಬೆಟಿಯನ್ ಕಾಲೋನಿಯಂತೂ 1966ರಿಂದ ಇದೆ. ಡ್ರೆಪುಂಗ್, ಗಾಂಡೆನ್ ಮಠಗಳು ಅಲ್ಲಿವೆ, ಭಿಕ್ಷುಗಳು ಚಪ್ಪಾಳೆ ತಟ್ಟಿ, ಕಾಲು ನೆಲಕ್ಕೆ ಅಪ್ಪಳಿಸಿ ವಾದ ಮಾಡುವುದನ್ನು ಒಮ್ಮೆ ನೋಡಿ. ಟಿಬೆಟಿಯನ್ ಪರಂಪರೆಯಲ್ಲಿ ಇವತ್ತಿಗೂ ಓದುವ ಬೌದ್ಧ ಗುರು ಶಾಂತಿದೇವನ ಬೋಧಿಚರ್ಯಾವತಾರ ಅನ್ನುವ ಗ್ರಂಥದಲ್ಲಿ ಒಂದು ಸರಳ ಸಲಹೆ ಇದೆ: ಮನಸ್ಸು ಆಸೆಗೋ ಸಿಟ್ಟಿಗೋ ಎದ್ದಾಗ ಏನೂ ಮಾಡಬೇಡ, ಏನೂ ಆಡಬೇಡ, ಕಟ್ಟಿಗೆಯ ಹಾಗೆ ಇರು.

ಒಂದು ಎಚ್ಚರಿಕೆ. ಮೊದಲನೇ ಉಪಾಯ ಕೆಲವರಿಗೆ ತಿರುಗುಬಾಣ ಆಗುತ್ತದೆ. ಕೆಟ್ಟದ್ದು ಬಂದಾಗಲೆಲ್ಲ ಹನ್ನೊಂದು ಸಲ ಮಂತ್ರ, ತಪ್ಪಿದರೆ ಮೊದಲಿನಿಂದ. ಅದು ಧ್ಯಾನ ಅಲ್ಲ, ಗೀಳು. ದಿನದಲ್ಲಿ ತಾಸುಗಟ್ಟಲೆ ಇದಕ್ಕೇ ಹೋಗ್ತಿದ್ದರೆ, ಕೆಲಸ ಬಿಟ್ಟುಹೋಗ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಇದಕ್ಕೆ ಔಷಧಿ ಇದೆ, ಹೆದರಿದ ವಸ್ತುವಿನ ಹತ್ತಿರ ಸ್ವಲ್ಪಸ್ವಲ್ಪವಾಗಿ ಹೋಗುವ ಚಿಕಿತ್ಸೆಯೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಯೋಚನೆ ಬೇಡ ಅನ್ನಿಸುತ್ತಿಲ್ಲ, ನಿಜಕ್ಕೂ ಮಾಡಿಬಿಡಬೇಕು ಅನ್ನಿಸ್ತಿದೆ ಅಂತಾದರೆ ಅದು ಬೇರೆ ವಿಷಯ, ಇವತ್ತೇ ಯಾರಿಗಾದರೂ ಹೇಳಿ.

ಅತ್ತಿಗೆ ಹೋದದ್ದೂ ಡಾಕ್ಟರ್ ಹತ್ತಿರವೇ. ಸುತ್ತದ ಕಥೆ ಹೇಳಿದ್ದು ನಾನು, ಆಮೇಲೆ. ದನದ ಕಥೆಗೆ ನಕ್ಕರು, ಹಾವಿನದು ಬೇಡವೇ ಬೇಡ ಅಂದರು. ಮೊನ್ನೆ ಹೋದಾಗ ಮೆಟ್ಟುಗತ್ತಿ ಮುಂದೆ ಕೂತಿದ್ದರು, ಮಗು ಈಗ ಹುಡುಗ, ಅಂಗಳದಲ್ಲಿ ಸೈಕಲ್ ಹೊಡೀತಿದ್ದ. ಈಗಲೂ ಬರುತ್ತದಾ ಅಂತ ಮೆಲ್ಲಗೆ ಕೇಳಿದೆ.

"ನಿನ್ನೆಯೂ ಬಂದಿತ್ತು ತಮ್ಮಾ. ಎರಡು ಬುಟ್ಟಿ ಸುಲಿದೆ."