ಕಾರ್ ಕೀಲಿ ಮನೆಯಲ್ಲೇ ಇರಲಿ, ಸೇಲೆ ಕಣಿವೆಗೆ ನಡೆದು ಬನ್ನಿ

ನಮಸ್ಕಾರ. ಇವತ್ತು ಒಂದು ಸಣ್ಣ ಜಗಳ ಮಾಡೋಣ ಅಂತ ಬಂದಿದ್ದೇನೆ. ಫ್ರಾನ್ಸಿಗೆ ಬರುವ ನಮ್ಮವರ ಜೊತೆ, ಮತ್ತೆ ಹಳೇ ನನ್ನ ಜೊತೆ ಕೂಡ.

ನಾನಿರುವುದು ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ. ಊರಿಂದ ಯಾರು ಬಂದರೂ ಮೊದಲು ಪ್ಯಾರಿಸ್ ಮುಗಿಸಿಕೊಂಡು ಬರುತ್ತಾರೆ, ಆಮೇಲೆ ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಬಂಡೆ ಅಂಚಿನಲ್ಲಿ ಜೋತುಬಿದ್ದ ಹಾಗಿರುವ ಒಂದು ಹಳ್ಳಿ, ಕಡಿದಾದ ಹೆಂಚಿನ ಮಾಡುಗಳು, ನೂರು ಮೀಟರ್ ಕೆಳಗೆ ನದಿ. ಸೇಂ ಸಿರ್ ಲಾಪೋಪಿ. 2012ರಲ್ಲಿ ಫ್ರೆಂಚರು ಟಿವಿ ಕಾರ್ಯಕ್ರಮದಲ್ಲಿ ಓಟು ಹಾಕಿ ತಮಗೆ ಅತಿ ಇಷ್ಟದ ಹಳ್ಳಿ ಅಂತ ಆರಿಸಿದ ಊರು. ಸರಿ, ಕಾರ್ ತೆಗೆಯುವುದು, ಮೇಲಿನ ಪಾರ್ಕಿಂಗಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸುವುದು, ಫೋಟೊ, ಐಸ್‌ಕ್ರೀಮು, ವಾಪಸ್. ಹೀಗೆ ನಾನೇ ನಾಲ್ಕು ಸಲ ಹೋಗಿ ಬಂದೆ. ಕೆಳಗೆ ಹರಿಯುವ ಲಾಟ್ ನದಿಯ ನೀರನ್ನು ಒಂದು ಸಲವೂ ಮುಟ್ಟಲಿಲ್ಲ.

ಐದನೇ ಸಲ ನಡೆದು ಹೋದೆ. ಆಗಲೇ ಗೊತ್ತಾಗಿದ್ದು, ನಾಲ್ಕು ಸಲವೂ ನಾನು ಆ ಊರಿಗೆ ಹಿತ್ತಿಲ ಬಾಗಿಲಿಂದ ಹೊಕ್ಕಿದ್ದೆ ಅಂತ.

ಎಲ್ಲಿಂದ ನಡೆದೆ ಅಂದರೆ, ಫಿಜಾಕ್‌ನಿಂದ. ತುಲೂಸ್‌ನಿಂದ ರೈಲಿದೆ. ಸ್ಪೇನಿನ ಸಾಂತಿಯಾಗೊಗೆ ಹೋಗುವ ಕ್ರೈಸ್ತ ಯಾತ್ರೆಯ ದಾರಿ ಕೇಳಿರುತ್ತೀರಿ. ಅದರ ಫ್ರಾನ್ಸಿನ ಒಂದು ಕವಲು ಲ ಪ್ಯುಯಿ ಅನ್ನುವ ಊರಿಂದ ಹೊರಟು 700 ಕಿಲೋಮೀಟರಿಗೂ ಜಾಸ್ತಿ ನಡೆದು ಪಿರಿನೀಸ್ ಬೆಟ್ಟಗಳ ಬುಡ ಮುಟ್ಟುತ್ತದೆ. ನಡೆಯುವವರ ಬಾಯಲ್ಲಿ ಅದು ಜಿಆರ್ 65, ಜಿಆರ್ ಅಂದರೆ ಗುರುತು ಹಾಕಿದ ದೂರದ ಕಾಲುದಾರಿ. 1998ರಲ್ಲಿ ಯುನೆಸ್ಕೊ ಪಟ್ಟಿಗೆ ಅದರ ಕೆಲವು ತುಂಡುಗಳು ಸೇರಿದವು, ಅದರಲ್ಲಿ ಎರಡು ಫಿಜಾಕ್‌ನ ಆಚೀಚೆಯೇ ಇವೆ. ಹಾಗಾಗಿ ಆ ದಾರಿಯಲ್ಲಿ ಜನ ಜಾಸ್ತಿ. ಫಿಜಾಕ್ ದಾಟಿದ ಮೇಲೆ ಅದರಿಂದ ಪಕ್ಕಕ್ಕೆ ಒಂದು ದಾರಿ ಸೀಳಿಕೊಂಡು ಸೇಲೆ ನದಿಯ ಕಣಿವೆಗೆ ಇಳಿಯುತ್ತದೆ. ಅದು ಜಿಆರ್ 651. ಐವತ್ತು ಚಿಲ್ಲರೆ ಕಿಲೋಮೀಟರ್, ಮೂರು ದಿನ ಆರಾಮಾಗಿ ಸಾಕು. ಜನ ಕಡಿಮೆ. ನನ್ನ ಓಟು ಇದಕ್ಕೇ.

ಫಿಜಾಕ್‌ನಲ್ಲಿ ಅರ್ಧ ದಿನ ಇದ್ದುಬಿಡಿ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋಂ ಹುಟ್ಟಿದ್ದು ಇಲ್ಲೇ, 1790ರಲ್ಲಿ. ಅವನ ಮನೆಯ ಹತ್ತಿರದ ಒಂದು ಅಂಗಳದ ತುಂಬಾ, ಆ ಗುಟ್ಟು ಬಿಡಿಸಲು ನೆರವಾದ ರೋಸೆಟ್ಟಾ ಶಾಸನ ಕಲ್ಲಿನ ದೊಡ್ಡ ಪ್ರತಿಯನ್ನು ಕಪ್ಪು ಕಲ್ಲಿನಲ್ಲಿ ಹಾಸಿದ್ದಾರೆ. ಅಕ್ಷರದ ಮೇಲೆ ಕಾಲಿಡಬೇಕು. ನಮಗೆ ಪುಸ್ತಕಕ್ಕೆ ಕಾಲು ತಗುಲಿದರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದಲ್ವಾ, ನಾನು ಅಂಚಿನಲ್ಲೇ ಸುತ್ತಿ ಹೋದೆ. ಪಕ್ಕದಲ್ಲಿ ಒಂದು ಮಗು ಅದರ ಮೇಲೆ ಕುಂಟೆಬಿಲ್ಲೆ ಆಡುತ್ತಿತ್ತು.

ದಾರಿ ಹುಡುಕುವುದು ಸುಲಭ. ಮರದ ಮೇಲೆ, ಕಲ್ಲಿನ ಮೇಲೆ, ಕಂಬದ ಮೇಲೆ ಎರಡು ಪಟ್ಟಿ ಬಳಿದಿರುತ್ತಾರೆ, ಮೇಲೆ ಬಿಳಿ, ಕೆಳಗೆ ಕೆಂಪು. ಎರಡೂ ಅಡ್ಡಡ್ಡ ಕತ್ತರಿಯಾಗಿದ್ದರೆ ಈ ಕಡೆ ಅಲ್ಲ ಅಂತ. ಇಷ್ಟೇ ಪಾಠ. ಇಷ್ಟನ್ನೂ ನಾನು ಮೊದಲ ದಿನವೇ ತಪ್ಪಿದೆ. ಊರಿಗೆ ಫೋನ್ ಮಾಡಿಕೊಂಡು ನಡೆಯುತ್ತಿದ್ದೆ, ಕತ್ತರಿ ಗುರುತು ಕಣ್ಣಿಗೆ ಬೀಳಲಿಲ್ಲ, ಇಳಿಜಾರು ಹಿತವಾಗಿತ್ತು, ಇಳಿದೆ ಇಳಿದೆ, ಕೊನೆಗೆ ಯಾರದೋ ಅಕ್ರೋಟು ತೋಟದ ಬೇಲಿ ಮುಂದೆ ನಿಂತೆ. ನಾಯಿ ಬೊಗಳಿತು. ಮುಕ್ಕಾಲು ಗಂಟೆ ವಾಪಸ್ ಹತ್ತಿದೆ. ಆಮೇಲೆ ಫೋನು ಚೀಲದ ತಳಕ್ಕೆ ಹೋಯಿತು.

ನದಿ ಕಣಿವೆ ಅಂದರೆ ಸಪಾಟು ಅಂದುಕೊಳ್ಳಬೇಡಿ. ಆಚೀಚೆ ಎರಡೂ ಕಡೆ ಸುಣ್ಣಕಲ್ಲಿನ ಪ್ರಸ್ಥಭೂಮಿ, ಅದಕ್ಕೆ ಅಲ್ಲಿ ಕೋಸ್ ಅನ್ನುತ್ತಾರೆ. ದಾರಿ ಹೊಳೆ ದಡದಲ್ಲಿ ಸ್ವಲ್ಪ ಹೋಗಿ ಕೋಸ್‌ಗೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಮೇಲೆ ಕುಳ್ಳ ಓಕ್ ಮರಗಳು, ಕುರಿ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಹಾಗೇ ಕಟ್ಟಿದ ದುಂಡನೆಯ ಪುಟ್ಟ ಗುಡಿಸಲುಗಳು. ನೀರಿಲ್ಲ. ಮಳೆ ಬಿದ್ದರೆ ಸುಣ್ಣಕಲ್ಲು ಕುಡಿದುಬಿಡುತ್ತದೆ, ಆ ನೀರು ನೆಲದೊಳಗೆ ಗುಹೆ ಕೊರೆದು ಕೆಳಗೆ ಹೊಳೆ ಹತ್ತಿರ ಊಟೆಯಾಗಿ ಹೊರಬರುತ್ತದೆ. ಹಾಗಾಗಿ ಊರುಗಳೆಲ್ಲ ಕೆಳಗೆ, ಬಂಡೆಗೆ ಬೆನ್ನು ಕೊಟ್ಟು, ಹೊಳೆಗೆ ಮುಖ ಮಾಡಿ ಕೂತಿವೆ. ಇದನ್ನು ನಕ್ಷೆಯಲ್ಲಿ ನೋಡಿದರೆ ಅರ್ಥ ಆಗಲ್ಲ. ಬಾಟಲಿ ಖಾಲಿಯಾಗಿ, ಗಂಟಲು ಒಣಗಿ, ಕೆಳಗೆ ಮಾಡು ಕಂಡಾಗ ಅರ್ಥ ಆಗುತ್ತದೆ.

ನೀರಿನ ಮಾತು ಬಂತಲ್ಲ, ಒಂದು ಉಪಾಯ ಹೇಳಿಬಿಡುತ್ತೇನೆ. ಮಧ್ಯಾಹ್ನ ಹಳ್ಳಿ ಪೂರ್ತಿ ಬಾಗಿಲು ಹಾಕಿರುತ್ತದೆ. ಅಂಗಡಿ ಇದ್ದರೆ ಅದೂ ಮುಚ್ಚಿರುತ್ತದೆ. ಆಗ ಸ್ಮಶಾನ ಹುಡುಕಿ. ತಮಾಷೆ ಅಲ್ಲ, ಅಲ್ಲಿ ಹೂವಿಗೆ ನೀರು ಹಾಕಲು ನಲ್ಲಿ ಇರುತ್ತದೆ, ನಡೆಯುವವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಕುಡಿಯುವ ನೀರಲ್ಲ ಅಂತ ಬೋರ್ಡ್ ಇದೆಯಾ ನೋಡಿಕೊಳ್ಳಿ ಅಷ್ಟೆ. ಮೊದಲ ಸಲ ನನಗೆ ಕೈ ಹೋಗಲಿಲ್ಲ. ಎರಡನೇ ದಿನ ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೆ ಮಡಿ ಎಲ್ಲ ಇಳಿದುಹೋಯಿತು.

ಎಸ್ಪಾನ್ಯಾಕ್ ಅನ್ನುವ ಹಳ್ಳಿ ಮೊದಲು ಸಿಗುತ್ತದೆ. ಹಳೇ ಸನ್ಯಾಸಿನಿಯರ ಮಠ, ಅದರ ಗಂಟೆ ಗೋಪುರ ಕಟ್ಟಿರುವುದು ಮರದ ಚೌಕಟ್ಟಿಗೆ ಇಟ್ಟಿಗೆ ತುಂಬಿ. ಕೆಳಗೆಲ್ಲ ಕಲ್ಲು, ಮೇಲೆ ಮಾತ್ರ ಯಾರೋ ಒಂದು ಮನೆ ತಂದಿಟ್ಟ ಹಾಗೆ. ಮುಂದೆ ಮಾರ್ಸಿಯಾಕ್. ಇಲ್ಲಿನ ಮಠ ಇಂಗ್ಲೆಂಡ್ ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧದಲ್ಲಿ ಹಾಳಾಯಿತು. ಅರ್ಧ ಚರ್ಚಿಗೆ ಈಗಲೂ ಮಾಡು ಇಲ್ಲ. ಕಮಾನಿನ ಬಾಗಿಲು ದಾಟಿ ಒಳಗೆ ಹೋಗುತ್ತೀರಿ, ತಲೆ ಎತ್ತಿದರೆ ಆಕಾಶ. ಈ ಮಠದವರದ್ದು ಒಂದು ಕಥೆ ಇದೆ. ರೊಕಾಮದೂರ್ ಅನ್ನುವ ಹಾಳು ಬಿದ್ದ ಜಾಗ ಇವರ ಕೈಯಲ್ಲಿತ್ತು, ಇವರು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೇರೆ ಮಠದವರು ಬಂದು ಸೇರಿಕೊಂಡರು. 1166ರಲ್ಲಿ ಅಲ್ಲೊಬ್ಬ ಸಂತನ ದೇಹ ಸಿಕ್ಕಿತು ಅಂತ ಸುದ್ದಿಯಾಗಿ ಭಕ್ತರು, ಕಾಣಿಕೆ ಎಲ್ಲ ಹರಿದು ಬಂದಾಗ ಇವರಿಗೆ ಜಾಗ ನಮ್ಮದು ಅಂತ ನೆನಪಾಯಿತು. ಜಗಳವೋ ಜಗಳ. ಕೊನೆಗೆ ದುಡ್ಡು ತಗೊಂಡು ಹಕ್ಕು ಬಿಟ್ಟುಕೊಟ್ಟರು. ರಿಂಗ್ ರೋಡ್ ಬರುವ ಮುಂಚೆ ಸೈಟು ಮಾರಿದವರ ಮುಖ ನೆನಪಾಯಿತು ನನಗೆ.

ರಾತ್ರಿ ಉಳಿಯುವ ಜಾಗಕ್ಕೆ ಇಲ್ಲಿ ಜೀತ್ ಅನ್ನುತ್ತಾರೆ. ನಮ್ಮ ಜೀತ ಅಲ್ಲ, ಆದರೆ ಮೊದಲ ದಿನದ ಸಂಜೆ ಮೊಣಕಾಲು ಕೇಳಿದರೆ ಅದೇ ಅನ್ನಬಹುದು. ಶೂ ಬಾಗಿಲಲ್ಲೇ ಬಿಡಬೇಕು, ನಮಗೆ ಹೇಳಿಕೊಡಬೇಕಾಗಿಲ್ಲ. ಊಟ ಎಲ್ಲರೂ ಒಂದೇ ಮೇಜಿಗೆ. ಸಸ್ಯಾಹಾರಿಗಳು ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ ಕುರಿ ಇಲ್ಲವೇ ಬಾತುಕೋಳಿ. ಹೇಳಿದರೆ ಪಾಪ ಏನಾದರೂ ಮಾಡುತ್ತಾರೆ. ನನಗೆ ಲ ಪ್ಯುಯಿಯ ಹಸಿರು ಬೇಳೆ ಬೇಯಿಸಿ ಕೊಟ್ಟರು, ಒಗ್ಗರಣೆ ಒಂದಿದ್ದರೆ ಕಣ್ಣೀರೇ ಬರುತ್ತಿತ್ತು. ಜೊತೆಗೆ ರೊಕಾಮದೂರ್ ಹೆಸರಿನ ಮೇಕೆ ಹಾಲಿನ ಪುಟ್ಟ ಚೀಸು, ಚಕ್ಕುಲಿಗಿಂತ ಚಿಕ್ಕದು, ಬಿಸಿ ಬ್ರೆಡ್ ಮೇಲೆ ಇಟ್ಟರೆ ಬೆಣ್ಣೆ ಹಾಗೆ ಕರಗುತ್ತದೆ.

ಇನ್ನು ಪೆಶ್ ಮೆರ್ಲ್. ಕಾಬ್ರೆರೆ ಹಳ್ಳಿಯ ಮೇಲಿರುವ, ಆದಿಮಾನವರ ಚಿತ್ರಗಳಿರುವ ಗುಹೆ. 1922ರಲ್ಲಿ ಇಬ್ಬರು ಹುಡುಗರು ಒಳಗೆ ತೆವಳಿಕೊಂಡು ಹೋಗಿ ಕಂಡುಹಿಡಿದದ್ದು. ಇಂಥದೇ ಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆಯನ್ನು ಜನರಿಗೆ 1963ರಲ್ಲೇ ಮುಚ್ಚಿಬಿಟ್ಟರು, ಅಲ್ಲಿ ಈಗ ನೋಡುವುದು ನಕಲನ್ನು. ಇಲ್ಲಿ ಅಸಲನ್ನೇ ಬಿಡುತ್ತಾರೆ, ದಿನಕ್ಕೆ 700 ಜನಕ್ಕೆ ಮಾತ್ರ. ಫೋಟೊ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯಿತು. ಎರಡು ಕುದುರೆಗಳು, ಮೈತುಂಬಾ ಕಪ್ಪು ಚುಕ್ಕೆ, ಸುಮಾರು 29,000 ವರ್ಷ ಹಳೆಯವು. ಬಲಗಡೆ ಕುದುರೆಯ ತಲೆ ಇದೆಯಲ್ಲ, ಅಲ್ಲಿ ಬಂಡೆಯ ಅಂಚೇ ಕುದುರೆ ತಲೆಯ ಹಾಗಿದೆ. ಬರೆದವರು ಮೊದಲು ಕಲ್ಲಿನಲ್ಲಿ ಕುದುರೆ ಕಂಡಿರಬೇಕು, ಆಮೇಲೆ ಬಣ್ಣ ತಗೊಂಡಿರಬೇಕು. ಚುಕ್ಕೆ ಕುದುರೆ ಬರೀ ಕಲ್ಪನೆ ಅನ್ನುವವರಿದ್ದರು, 2011ರಲ್ಲಿ ಹಳೇ ಕುದುರೆ ಮೂಳೆಗಳ ಡಿಎನ್‌ಎ ನೋಡಿದಾಗ ಅಂಥ ಕುದುರೆಗಳು ಆಗ ನಿಜವಾಗಿ ಇದ್ದವು ಅಂತ ಗೊತ್ತಾಯಿತು. ಸುತ್ತಲೂ ಕೈಗಳ ಗುರುತು, ಕೈ ಇಟ್ಟು ಸುತ್ತ ಕಪ್ಪು ಊದಿದ್ದು. ಮತ್ತೊಂದು ಕಡೆ ಮಣ್ಣಿನಲ್ಲಿ ಒಂದು ಮಗುವಿನ ಹೆಜ್ಜೆ, ಗಟ್ಟಿಯಾಗಿ ಹಾಗೇ ಉಳಿದಿದೆ. ಇನ್ನೊಂದು ಕಡೆ ಮೇಲಿನ ಓಕ್ ಮರದ ಬೇರು ಚಾವಣಿ ತೂರಿ ನೇರ ಗುಹೆಯ ನೆಲಕ್ಕೆ ಇಳಿದಿದೆ. ಎರಡು ದಿನ ಮೇಲೆ ಆ ಕುಳ್ಳ ಮರಗಳನ್ನು ಬೈದುಕೊಂಡು ನಡೆದಿದ್ದೆ, ನೆರಳೂ ಕೊಡಲ್ಲ ಅಂತ. ಅವುಗಳ ಕಷ್ಟ ಕೆಳಗೆ ಕಂಡಿತು.

ಕಾಬ್ರೆರೆ ದಾಟಿದರೆ ಸೇಲೆ ಹೋಗಿ ಲಾಟ್ ಸೇರುತ್ತದೆ. ಸೇತುವೆ ದಾಟಿ ಬೂಜಿಯೆಸ್. ಅಲ್ಲಿಂದ ಸೇಂ ಸಿರ್‌ಗೆ ಹೋಗುವ ದಾರಿಯಲ್ಲೇ ನನ್ನ ವಾದ ಪೂರ್ತಿ ಇದೆ. ಬಂಡೆ ನೇರ ನೀರಿಗೆ ಇಳಿಯುವ ಕಡೆ, ಬಂಡೆಯ ಹೊಟ್ಟೆಯನ್ನೇ ಕೊರೆದು ಹಾದಿ ಮಾಡಿದ್ದಾರೆ, 1843ರಿಂದ 1847ರವರೆಗೆ. ತಲೆ ಮೇಲೆ ಬಂಡೆ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ನೀರು. ದೋಣಿಗಳನ್ನು ಹಗ್ಗ ಕಟ್ಟಿ ಹೊಳೆಯ ಹರಿವಿಗೆ ಎದುರಾಗಿ ಎಳೆಯಲು ಮಾಡಿದ ಹಾದಿ ಇದು. ವೈನ್ ಕೆಳಗೆ ಬೋರ್ದೋ ಬಂದರಿನ ಕಡೆ ಹೋಗುತ್ತಿತ್ತು, ಉಪ್ಪು, ಒಣಮೀನು ಮೇಲಕ್ಕೆ ಬರುತ್ತಿತ್ತು. ರೈಲು ಬಂದ ಮೇಲೆ ದೋಣಿ ಹೋಯಿತು. ಗೋಡೆಯ ಮೇಲೆ ಈಚೆಗೆ ಒಬ್ಬ ಶಿಲ್ಪಿ ಮೀನು, ಚಿಪ್ಪು ಕೆತ್ತಿದ್ದಾನೆ, ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಬಂಡೆಯ ಮೇಲಿನ ಒರಟು ಉಳಿ ಗುರುತೇ ಇಷ್ಟ. ಕೈ ಇಟ್ಟರೆ ತಣ್ಣಗೆ, ಒದ್ದೆ.

ಅಲ್ಲಿಂದ ತಲೆ ಎತ್ತಿದಾಗ ಮೇಲೆ ಸೇಂ ಸಿರ್ ಕಂಡಿತು. ಇದೇ ಆ ಊರಿನ ಮುಂಬಾಗಿಲು. ಹೊಳೆ, ದೋಣಿ, ಮೇಲೆ ಪೀಪಾಯಿಗೆ ಮರದ ನಲ್ಲಿ ಕಡೆಯುವ ಬಡಗಿಗಳು, ಆ ಪೀಪಾಯಿಯ ವೈನ್ ಮತ್ತೆ ದೋಣಿಗೆ. ಆ ಚೆಂದದ ಮನೆಗಳನ್ನು ಕಟ್ಟಿಸಿದ್ದು ಈ ವ್ಯಾಪಾರ. ಪಾರ್ಕಿಂಗಿನಿಂದ ಇಳಿದರೆ ಇದ್ಯಾವುದೂ ಸಿಗಲ್ಲ. 1951ರಲ್ಲಿ ಇಲ್ಲಿ ಮನೆ ಕೊಂಡ ಕವಿ ಆಂದ್ರೆ ಬ್ರೆತೋಂ, ಇನ್ನು ಬೇರೆಲ್ಲೋ ಇರಬೇಕು ಅನ್ನುವ ಆಸೆಯೇ ನಿಂತಿತು ಅಂತ ಬರೆದಿದ್ದ. ಆಗಸ್ಟ್ ಮಧ್ಯಾಹ್ನ ಆ ಗುಂಪಿನಲ್ಲಿ ನಿಂತಿದ್ದರೆ ಬರೆಯುತ್ತಿರಲಿಲ್ಲ ಬಿಡಿ. ಮೇ ಇಲ್ಲವೇ ಸೆಪ್ಟೆಂಬರಿನಲ್ಲಿ ಹೋಗಿ, ಸಂಜೆ ಹತ್ತಿ, ಬಸ್ಸುಗಳು ಹೊರಟ ಮೇಲೆ.

ಕಣಿವೆಯಲ್ಲಿ ಕೊನೆಯ ರಾತ್ರಿ ಉಳಿದ ಜೀತ್‌ನಲ್ಲಿ ಬಂದವರೆಲ್ಲ ಬರೆಯುವ ಒಂದು ಪುಸ್ತಕ ಇತ್ತು. ನಾನು ನಾಲ್ಕು ಸಾಲು ಕನ್ನಡದಲ್ಲಿ ಬರೆದೆ, ಬೇಳೆ ಚೆನ್ನಾಗಿತ್ತು ಅಂತ. ಮನೆಯೊಡತಿ ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದರು. ಶಾಂಪೋಲಿಯೋಂ ಊರಿನ ಕಡೆಯವರಲ್ವಾ. "ಇದು ಎಡದಿಂದ ಬಲಕ್ಕಾ?" ಅಂತ ಕೇಳಿದರು. ಹೌದು ಅಂದೆ. ಅವರು ಬೆರಳಿಟ್ಟುಕೊಂಡು ಮೊದಲ ಸಾಲಿಂದ ನಿಧಾನಕ್ಕೆ ನೋಡುತ್ತಾ ಹೋದರು.